ಭೂತ್ ಜೊಲೊಕಿಯಾ: 18 ದಿನವಾದರೂ ಎರಡೇ ಮೊಳಕೆ

ಪ್ರಶ್ನೆ:
ಭೂತ್ ಜೊಲೊಕಿಯಾ ಅನ್ನೋ ತುಂಬಾ ಖಾರದ ಮೆಣಸಿನಕಾಯಿಯ 12 ಬೀಜ ಟ್ರೇಯಲ್ಲಿ ಬಿತ್ತಿ ಇವತ್ತಿಗೆ 18 ದಿನ. ಮೊಳೆತದ್ದು ಎರಡು ಮಾತ್ರ. ಅದರಲ್ಲೂ ಒಂದು ನಿನ್ನೆ ಬುಡದಲ್ಲಿ ದಾರದಂತೆ ತೆಳ್ಳಗಾಗಿ ಮಲಗಿಬಿಟ್ಟಿತು. ಅದೇ ದಿನ ಬಿತ್ತಿದ ಮಾಮೂಲಿ ಮೆಣಸು ಒಂಬತ್ತನೇ ದಿನಕ್ಕೇ ಎದ್ದು ನಿಂತಿದೆ. ಬೆಳಿಗ್ಗೆ, ಸಂಜೆ ತಪ್ಪದೆ ನೀರು ಹಾಕುತ್ತೇನೆ. ಟ್ರೇ ಕಿಟಕಿ ಪಕ್ಕ ಇದೆ, ರಾತ್ರಿ ಅಲ್ಲಿ ಚಳಿ ಜಾಸ್ತಿ. ಉಳಿದ ಹತ್ತು ಸತ್ತೇ ಹೋದವಾ? ಕೆದಕಿ ನೋಡಲಾ?

ಉತ್ತರ 1:
ದಯವಿಟ್ಟು ಕೆದಕಬೇಡಿ. ಕಳೆದ ವರ್ಷ ನಾನು 20ನೇ ದಿನ ತಾಳ್ಮೆ ಕಳೆದುಕೊಂಡು ಒಂದು ಕುಣಿ ಕೆದಕಿದೆ. ಬೀಜದಿಂದ ಬಿಳಿ ಬೇರು ಆಗಲೇ ಬಂದಿತ್ತು, ನನ್ನ ಕೈಗೇ ಮುರಿಯಿತು. ಇವತ್ತಿಗೂ ಬೇಜಾರಿದೆ.

ಮಾಮೂಲಿ ಮೆಣಸಿನ ಜೊತೆ ಹೋಲಿಸಬೇಡಿ. ಅದು ಕ್ಯಾಪ್ಸಿಕಂ ಆನ್ಯೂಮ್ ಅನ್ನೋ ಜಾತಿ, ಒಂದೆರಡು ವಾರಕ್ಕೆ ಮೊಳೆಯುತ್ತದೆ. ಭೂತ್ ಜೊಲೊಕಿಯಾ, ಹಬನೇರೊದಂಥ ಖಾರದ ಮೆಣಸಿನಕಾಯಿಗಳು ಕ್ಯಾಪ್ಸಿಕಂ ಚೈನೆನ್ಸ್ ಅನ್ನೋ ಬೇರೆ ಜಾತಿಯ ಕಡೆಯವು. ಐದು ವಾರ ತೆಗೆದುಕೊಂಡರೂ ಆಶ್ಚರ್ಯವಿಲ್ಲ. ಇವಕ್ಕೆ ಬೇಕಾದ್ದು ಬೆಚ್ಚಗಿನ ಮಣ್ಣು, 25ರಿಂದ 30 ಡಿಗ್ರಿ. ಮಣ್ಣು ತಣ್ಣಗಿದ್ದರೆ ಬೀಜ ಸುಮ್ನೆ ಕೂತಿರುತ್ತದೆ, ಮೇಲೆ ನೀರು ಜಾಸ್ತಿಯಾದರೆ ಕೊಳೆಯುತ್ತದೆ. ಮೊಳೆಯುವವರೆಗೆ ಬೆಳಕು ಬೇಕಿಲ್ಲ, ಹಾಗಾಗಿ ಕಿಟಕಿಯಿಂದ ತೆಗೆಯಿರಿ. ನಾನು ಫ್ರಿಜ್ ಮೇಲೆ, ಕೈಯಿಟ್ಟರೆ ಬೆಚ್ಚಗಿರುವ ಕಡೆ ಇಡುತ್ತೇನೆ. ಯಾವುದೇ ಮೊಳಕೆ ಕಂಡ ದಿನವೇ ಅದನ್ನು ಒಳ್ಳೆ ಬೆಳಕಿಗೆ ತರಬೇಕು. ಎರಡು ದಿನ ತಡವಾದರೂ ಸಸಿ ಉದ್ದಕ್ಕೆ ಸೊರಗಿ ಬೆಳೆಯುತ್ತದೆ.

ಉತ್ತರ 2:
ಬಿದ್ದ ಸಸಿಗೆ ಬಂದದ್ದು ಸಸಿ ಕೊಳೆ ರೋಗ. ಮಣ್ಣಲ್ಲಿರುವ ಶಿಲೀಂಧ್ರದ ಕೆಲಸ. ಅದು ಇನ್ನು ಏಳುವುದಿಲ್ಲ. ಸುತ್ತಲಿನ ಮಣ್ಣಿನ ಸಮೇತ ತೆಗೆದುಹಾಕಿ. ದಿನಕ್ಕೆರಡು ಸಲ ನೀರು ಬೇಡವೇ ಬೇಡ. ಮೇಲ್ಮಣ್ಣು ಒಣಗುತ್ತಾ ಬಂದಾಗ ಟ್ರೇಯನ್ನು ನೀರಿನ ತಟ್ಟೆಯಲ್ಲಿಟ್ಟು ಕೆಳಗಿಂದ ಕುಡಿಸಿ, ಉಳಿದ ನೀರು ಚೆಲ್ಲಿ. ಮುಚ್ಚಳ ಹಾಕಿದ್ದರೆ ಮೊಳಕೆ ಬಂದ ಮೇಲೆ ತೆಗೆಯಿರಿ, ಗಾಳಿ ಆಡಲಿ.

ಕೇಳಿದವರು:
ಇವತ್ತು 27ನೇ ದಿನ. ಫ್ರಿಜ್ ಮೇಲಿಟ್ಟ ಮೇಲೆ ಇನ್ನೂ ಮೂರು ಬಂದಿವೆ! ಒಂದರ ತಲೆ ಮೇಲೆ ಬೀಜದ ಸಿಪ್ಪೆ ಅಂಟಿಕೊಂಡಿದೆ, ಎಲೆ ಬಿಚ್ಚುತ್ತಿಲ್ಲ. ಎಳೆಯಲಾ?

ಉತ್ತರ 1:
ಓದಿ ತುಂಬಾ ಖುಷಿಯಾಯಿತು. ಒಣಗಿದ್ದಾಗ ಎಳೆದರೆ ತಲೆಯೇ ಕಿತ್ತು ಬರುತ್ತದೆ. ಸಿಪ್ಪೆ ಮೇಲೆ ಒಂದು ಹನಿ ನೀರು ಬಿಡಿ, ಅರ್ಧ ಗಂಟೆಗೆ ಇನ್ನೊಂದು. ಮೆತ್ತಗಾದ ಮೇಲೆ ಬಹುತೇಕ ತಾನೇ ಜಾರುತ್ತದೆ. ಇಲ್ಲದಿದ್ದರೆ ಚಿಮಟದಿಂದ ಹಗುರವಾಗಿ ಬಿಡಿಸಿ. ಉಳಿದ ಕುಣಿಗಳನ್ನು ಇನ್ನೂ ಎರಡು ವಾರ ಹಾಗೇ ಬಿಡಿ. ನನಗೆ ಒಂದು ಸಸಿ 34ನೇ ದಿನ ಬಂದಿತ್ತು, ಆ ವರ್ಷ ಜಾಸ್ತಿ ಕಾಯಿ ಬಿಟ್ಟದ್ದೂ ಅದೇ.