ನೇರಳೆ ಹೂವಿನ ಮರ, ಎಲೆ ಪೂರ್ತಿ ಉದುರಿದೆ, ಸತ್ತಿದೆಯಾ?

ಕಲ್ಯಾಣಪುರ_ಹೊಳೆಬದಿ:
ನಮಸ್ಕಾರ ಎಲ್ಲರಿಗೂ. ನಾವಿರುವ ಬಾಡಿಗೆ ಮನೆ ಎದುರು, ಸ್ವರ್ಣಾ ಹೊಳೆ ಬದಿಯಲ್ಲೇ, ಒಂದು ಮರ ಉಂಟು. ಮೇ ತಿಂಗಳಲ್ಲಿ ಕೊಂಬೆ ತುದಿಗೆಲ್ಲ ನೇರಳೆ ಹೂವಿನ ಗೊಂಚಲು ಬಂದು ಎಷ್ಟು ಚಂದ ಅಂದ್ರೆ ದಾರಿಯಲ್ಲಿ ಹೋಗುವವರು ಬೈಕ್ ನಿಲ್ಲಿಸಿ ಫೋಟೋ ತೆಗೀತಾರೆ. ಈಗ ಫೆಬ್ರವರಿಯಲ್ಲಿ ಎಲೆ ಎಲ್ಲ ಕೆಂಪಾಗಿ ಉದುರಿ ಹೋಗಿ ಬರೀ ಕೊಂಬೆ, ಮನೆ ಓನರ್ ಮರ ಸತ್ತಿದೆ ಕಡಿಸ್ತೇನೆ ಅಂತಿದ್ದಾರೆ. ಆಫೀಸಲ್ಲಿ ಒಬ್ರು ಜಕರಂಡ ಅಂದ್ರು. ನಿಜವಾಗಿ ಎಂತ ಮರ ಇದು? ಹೇಗಾದ್ರೂ ಉಳಿಸ್ಬೇಕಿತ್ತು.

ನರ್ಸರಿ_ಮೂಡುಬಿದ್ರೆ:
ಕಡಿಸ್ಲಿಕ್ಕೆ ಬಿಡ್ಬೇಡಿ ಮಾರಾಯ್ರೆ! ಹೊಳೆ ಬದಿ, ನೇರಳೆ ಹೂ, ಎಲೆ ಕೆಂಪಾಗಿ ಉದುರುದು ಅಂದ್ರೆ ಅದು ಹೊಳೆದಾಸವಾಳ ಇರ್ಬೇಕು. ಈ ಟೈಮಲ್ಲಿ ಎಲೆ ಉದುರಿಸುದು ಅದರ ಸ್ವಭಾವ, ಮಾರ್ಚ್ ಏಪ್ರಿಲ್ ಹೊತ್ತಿಗೆ ಚಿಗುರ್ತದೆ. ಕೊಂಬೆ ತುದಿಯಲ್ಲಿ ಹಳೇ ಕಾಯಿ ಉಂಟಾ ನೋಡಿ. ಗೋಟಡಿಕೆಯಷ್ಟು ದೊಡ್ಡದು, ಕಂದು ಬಣ್ಣ, ಕಟ್ಟಿಗೆಯಷ್ಟು ಗಟ್ಟಿ, ಹೆಚ್ಚಾಗಿ ಆರು ಸೀಳು ಬಿಟ್ಟು ಬಿರಿದಿರ್ತದೆ. ಜಕರಂಡದ್ದು ಚಪ್ಪಟೆ ಕಾಯಿ, ಹೂ ಕೊಳವೆ ಥರ, ಎಲೆ ಸಣ್ಣ ಸಣ್ಣ ದಳದ್ದು. ಇದರ ಎಲೆ ಅಂಗೈಗಿಂತ ಉದ್ದ, ದಪ್ಪ, ಹೂವಿಗೆ ಬಿಡಿ ಬಿಡಿ ಆರು ಎಸಳು, ಅಂಚೆಲ್ಲ ಸುಕ್ಕು, ನಡುವೆ ಹಳದಿ ಕೇಸರ. ಮತ್ತೆ ಸಣ್ಣ ಕೊಂಬೆಯ ತೊಗಟೆ ಉಗುರಲ್ಲಿ ಸ್ವಲ್ಪ ಕೆರೆದು ನೋಡಿ, ಒಳಗೆ ಹಸಿರಿದ್ರೆ ಜೀವ ಉಂಟು.

ಕಾಡುಹಾದಿ_ಕಾರ್ಕಳ:
ಮೇಲಿನವರು ಹೇಳಿದ್ದು ಸರಿ. ಜಕರಂಡ ದಕ್ಷಿಣ ಅಮೆರಿಕದ್ದು, ಬೆಂಗಳೂರಲ್ಲಿ ರಸ್ತೆ ಬದಿ ನೆಟ್ಟದ್ದು ಕಾಣ್ತದೆ. ಹೊಳೆದಾಸವಾಳ ನಮ್ಮ ಪಶ್ಚಿಮ ಘಟ್ಟದ್ದೇ, ನೀರಿನ ಬದಿ ಮರ, ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತ್ರೂ ತಡ್ಕೊಳ್ತದೆ. ದಾಸವಾಳದ ಜಾತಿ ಅಲ್ಲ, ಮದರಂಗಿ, ದಾಳಿಂಬೆ ಇರುವ ಕುಟುಂಬದ್ದು, ಕಾಡಲ್ಲಿ ಬಿಳಿ ಹೂ ಬಿಡುವ ನಂದಿ ಮರ ಇದರ ಹತ್ತಿರದ ಸಂಬಂಧಿ. ನನಗೆ ಇದು ಇಷ್ಟ ಆಗುದು ಜೇನಿಗಾಗಿ. ಹೂವಲ್ಲಿ ಮಕರಂದ ಇಲ್ಲ, ಬರೀ ಪರಾಗ, ಆದ್ರೂ ಬೆಳಿಗ್ಗೆ ನಿಂತು ನೋಡಿ, ಜೇನುನೊಣ, ದೊಡ್ಡ ಕಪ್ಪು ದುಂಬಿ ಎಲ್ಲ ಮುತ್ತಿಕೊಂಡಿರ್ತದೆ. ಬೀಜಕ್ಕೆ ರೆಕ್ಕೆ ಉಂಟು, ಕಾಯಿ ಬಿರಿದ ಮೇಲೆ ಗಾಳಿಗೆ ಹಾರ್ತದೆ. ಮಹಾರಾಷ್ಟ್ರದವರು ಇದನ್ನೇ ರಾಜ್ಯ ಪುಷ್ಪ ಮಾಡಿದ್ದಾರೆ, ನಾವು ಕಡೀಲಿಕ್ಕೆ ಹೊರಟದ್ದು ನೋಡಿದ್ರೆ ಬೇಜಾರಾಗ್ತದೆ. ಓನರಿಗೆ ಇದೂ ಹೇಳಿ, ನಮ್ಮಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಉಂಟು, ಮೊದಲು ಅರಣ್ಯ ಇಲಾಖೆಯಲ್ಲಿ ಕೇಳದೆ ಕೊಡಲಿ ಹಾಕುದು ಬೇಡ.

ಕಲ್ಯಾಣಪುರ_ಹೊಳೆಬದಿ:
ಕೆರೆದು ನೋಡಿದೆ, ಒಳಗೆ ಹಸಿರು! ಬಿರಿದ ಕಾಯಿಯೂ ಉಂಟು, ಆರೇ ಸೀಳು. ಓನರಿಗೆ ತೋರಿಸಿದೆ, ಚಿಗುರುವವರೆಗೆ ಕಾಯುವ ಅಂದ್ರು. ಅವರಿಗೆ ಕಸದ್ದೇ ತಲೆಬಿಸಿ, ಎಲೆ ನಾನೇ ಗುಡಿಸಿ ತೆಂಗಿನ ಬುಡಕ್ಕೆ ಹಾಕ್ತೇನೆ ಅಂದಿದ್ದೇನೆ. ಬೀಜ ಹಾಕಿದ್ರೆ ಸಸಿ ಬರ್ತದಾ?

ನರ್ಸರಿ_ಮೂಡುಬಿದ್ರೆ:
ಬರ್ತದೆ. ಪೂರ್ತಿ ಬಿರಿಯದ ಕಾಯಿ ಕೊಯ್ದು ಬಿಸಿಲಲ್ಲಿ ಒಣಗಿಸಿ, ಬೀಜ ತಾನಾಗಿ ಉದುರ್ತದೆ. ಮೇಲೆ ಮೇಲೆ ಹಾಕಿ ತೆಳ್ಳಗೆ ಮಣ್ಣು ಮುಚ್ಚಿ. ಎಲ್ಲಾ ಬೀಜ ಮೊಳೆಯುದಿಲ್ಲ, ಜಾಸ್ತಿಯೇ ಹಾಕಿ. ನೆಡುವಾಗ ಪೂರ್ತಿ ಬಿಸಿಲು ಬೀಳುವ ಜಾಗ ನೋಡಿ, ನೆರಳಲ್ಲಿ ಹೂ ಕಮ್ಮಿ.