ಚೆಕಾಫ್ ಏಕಾಂಕ ಎರಡು, ಒಂದೇ ಸಂಜೆ: ಸೆಟ್, ಕುರ್ಚಿ, ಕ್ರಮ

ಸಕ್ಕರೆನಾಡಿನವ:
ಎಲ್ಲರಿಗೂ ನಮಸ್ಕಾರ. ರಷ್ಯನ್ ನಾಟಕಕಾರ ಚೆಕಾಫ್‌ನ ‘ಕರಡಿ’, ‘ಮದುವೆ ಪ್ರಸ್ತಾಪ’ ಎರಡನ್ನೂ ಒಂದೇ ಸಂಜೆ ಆಡಬೇಕು ಅಂತಿದ್ದೀವಿ. ಮೊದಲು ಮಂಡ್ಯ, ಆಮೇಲೆ ಮೈಸೂರಿನ ಭೂಮಿಗೀತ ರಂಗಮಂದಿರ. ಮೂವರು ಗಂಡಸರು, ಇಬ್ಬರು ಹೆಂಗಸರು ಇದ್ದೀವಿ. ಒಂದೇ ಸೆಟ್ ಸಾಕಾ? ಯಾವುದು ಮೊದಲು? ಕರಡಿಯಲ್ಲಿ ಕುರ್ಚಿ ಮುರಿಯೋದು ಹೇಗೆ? ಪ್ರಸ್ತಾಪದ ಎರಡನೇ ಜಗಳ ರಿಹರ್ಸಲ್‌ನಲ್ಲಿ ಸಪ್ಪೆಯಾಗ್ತಿದೆ, ಯಾಕೆ ಅಂತ ಗೊತ್ತಾಗ್ತಿಲ್ಲ.

ಗರಗಸ:
ಸೆಟ್ ಒಂದೇ ಸಾಕು. ಎರಡೂ ನಡೆಯೋದು ಹಳ್ಳಿ ಜಮೀನ್ದಾರರ ಮನೆ ಹಜಾರದಲ್ಲಿ. ಮೇಜು, ಸೋಫಾ, ಎರಡು ಬಾಗಿಲು. ಕರಡಿಗೆ ಸತ್ತ ಗಂಡನ ಫೋಟೋ ಸೇರಿಸಿದರೆ ಆಯ್ತು.

ಮುರಿಯೋ ಕುರ್ಚಿ ಮಾತ್ರ ಎರಡು ಬೇಕು. ಸಾಲ ವಸೂಲಿಗೆ ವಿಧವೆ ಪೊಪೊವಾ ಮನೆಗೆ ಬಂದ ಸ್ಮಿರ್ನೋವ್ ಹೆಂಗಸರನ್ನು ಬೈಯುವ ಉದ್ದ ಮಾತಿನಲ್ಲಿ ಒಂದನ್ನು ಮುರೀತಾನೆ, ಕೊನೆಗೆ ಪ್ರೀತಿ ಹೇಳಿಕೊಳ್ಳುವಾಗ ಇನ್ನೊಂದನ್ನು. ಹಳೇ ಮರದ ಕುರ್ಚಿಯಲ್ಲಿ ಒರಗಿನ ಎರಡೂ ಕಂಬಗಳನ್ನು ಆಸನದಿಂದ ಎರಡಿಂಚು ಮೇಲೆ ಪೂರ್ತಿ ಕೊಯ್ಯಿರಿ. ಕೊಯ್ದ ಕಡೆ ಮೇಲೂ ಕೆಳಗೂ ಒಂದಿಂಚು ಆಳ ತೂತು ಕೊರೆದು ಪೆನ್ಸಿಲ್ ದಪ್ಪದ ಮೆದು ಮರದ ಗೂಟ ಕೂರಿಸಿ. ಗೂಟದ ನಡುವೆ ಅರ್ಧದವರೆಗೆ ಗರಗಸದ ಗೀರು ಹಾಕಿ, ಆ ಗೀರು ಆಸನದ ಕಡೆ ಮುಖ ಮಾಡಿರಲಿ. ನಟ ಹಿಂದೆ ನಿಂತು ಎಳೆದಾಗ ಗೀರು ಬಾಯಿಬಿಟ್ಟು ಲಟಕ್ಕನೆ ಮುರಿಯುತ್ತೆ. ಉಲ್ಟಾ ಕೂರಿಸಿದರೆ ಸುಮ್ಮನೆ ಬಾಗುತ್ತೆ. ಫೆವಿಕಾಲ್ ಬೇಡ, ಹಾಕಿದರೆ ಮುರಿದ ತುಂಡು ತೂತಿನಲ್ಲೇ ಕಚ್ಚಿಕೊಳ್ಳುತ್ತೆ. ಪ್ರತಿ ಪ್ರದರ್ಶನಕ್ಕೂ ಹೊಸ ಗೂಟ. ಕುರ್ಚಿ ಸರಿಸುವಾಗ ಆಸನ ಹಿಡಿದೇ ಸರಿಸಬೇಕು.

ಅವರಿಬ್ಬರ ದ್ವಂದ್ವಕ್ಕೆ ತರುವ ಪಿಸ್ತೂಲಿಗೆ ಖರ್ಚು ಮಾಡಬೇಡಿ, ಗುಂಡು ಹಾರೋದೇ ಇಲ್ಲ. ಸ್ಮಿತ್ ಅಂಡ್ ವೆಸನ್, ಜೋಡಿಗೆ ಕನಿಷ್ಠ 90 ರೂಬಲ್ ಅಂತ ಸ್ಮಿರ್ನೋವ್ ವಿವರಿಸೋದರಿಂದ ರಿವಾಲ್ವರ್ ಆಕಾರದ ಮರದ್ದಾದರೆ ಸಾಕು.

ಚಾಮುಂಡಿಪುರಂ:
ಎರಡನೇ ಜಗಳ ಸಪ್ಪೆಯಾಗೋದಕ್ಕೆ ಕಾರಣ ಮೊದಲನೇದರಲ್ಲಿದೆ. ಹುಲ್ಲುಗಾವಲು ಯಾರದು ಅನ್ನೋ ಜಗಳಕ್ಕೇ ಗಂಟಲು ಹರಿದುಕೊಂಡರೆ, ಯಾರ ನಾಯಿ ಮೇಲು ಅನ್ನೋ ಎರಡನೇ ವಾದಕ್ಕೆ ದನಿ ಏರಿಸೋಕೆ ಜಾಗವೇ ಇರಲ್ಲ. ಲೊಮೋವ್ ಬಿಳಿ ಕೈಗವಸು ಹಾಕಿಕೊಂಡು ಹೆಣ್ಣು ಕೇಳೋಕೆ ಬಂದವನು. ಹುಡುಗಿಯ ಅಪ್ಪ ಚುಬುಕೋವ್ ಮತ್ತೆ ಒಳಗೆ ಬರೋವರೆಗೂ ಮರ್ಯಾದೆಯ ಮಾತಿನಲ್ಲೇ ವಾದ ನಡೀಲಿ. ಲೊಮೋವ್‌ನ ಕಾಯಿಲೆಗೂ ಒಂದು ಏರಿಕೆ ಇದೆ: ಶುರುವಿನಲ್ಲಿ ಚಳಿ, ನಡುಕ, ಮೊದಲ ಜಗಳಕ್ಕೆ ಎದೆ, ಕಾಲು, ಪಕ್ಕೆ, ಎರಡನೇದಕ್ಕೆ ಭುಜವೇ ಕಿತ್ತುಹೋಯ್ತು ಅಂತಾನೆ. ಬಾಗಿಲಿಂದಲೇ ಕಾಲೆಳೆದುಕೊಂಡು ಬಂದರೆ ಮುಂದೆ ಏನೂ ಉಳಿಯಲ್ಲ. ದಯವಿಟ್ಟು ಯಾರೂ ನಗಿಸೋಕೆ ಹೋಗಬೇಡಿ. 300 ರೂಬಲ್ ಬಾಳುವ ಆ ನೆಲ ಅವರಿಗೆ ಪ್ರಾಣಕ್ಕಿಂತ ಹೆಚ್ಚು, ನಗು ಅಲ್ಲಿಂದಲೇ ಬರಬೇಕು. ಲೊಮೋವ್‌ನ ಲೋಟದಲ್ಲಿ ಎರಡು ಗುಟುಕು ನೀರಷ್ಟೇ ಇರಲಿ, ಮೇಲುಸಿರಲ್ಲಿ ಕುಡಿದರೆ ನೆತ್ತಿಗೇರುತ್ತೆ.

ಪ್ರಾಂಪ್ಟರ್:
ಪ್ರಸ್ತಾಪ ಮೊದಲು ಆಡಿ. ಕುರ್ಚಿ ಚೂರು ಗುಡಿಸೋ ತಲೆನೋವು ಕೊನೆಗಿರುತ್ತೆ. ಕರಡಿಯ ಮುದಿ ಆಳು ಲೂಕಾ, ಪ್ರಸ್ತಾಪದ ಚುಬುಕೋವ್ ಎರಡನ್ನೂ ಒಬ್ಬರೇ ಮಾಡಬಹುದು.

ಮಾತು ಕತ್ತರಿಸುವಾಗ ಹುಷಾರು. ಕರಡಿಯ ಶುರುವಿನಲ್ಲಿ ಪೊಪೊವಾ ಗಂಡನ ಕುದುರೆ ಟೋಬಿಗೆ ಹೆಚ್ಚಿಗೆ ಓಟ್ಸ್ ಹಾಕಿಸ್ತಾಳೆ. ಅದು ಹೋದರೆ, ‘ಟೋಬಿಗೆ ಇವತ್ತು ಓಟ್ಸೇ ಬೇಡ’ ಅನ್ನೋ ಕೊನೆಯ ಮಾತಿಗೆ ಯಾರೂ ನಗಲ್ಲ. ಮೇಕಪ್ಪಿನವರಿಗೂ ಹೇಳಿ: ಕಪ್ಪು ಬಟ್ಟೆ ಇರಲಿ, ಆದರೆ ಮುಖಕ್ಕೆ ಪೌಡರ್ ಎದ್ದು ಕಾಣಬೇಕು. ‘ಜೀವಂತ ಹೂತುಕೊಂಡರೂ ಪೌಡರ್ ಮರೆತಿಲ್ಲ’ ಅಂತ ಸ್ಮಿರ್ನೋವ್ ಹಂಗಿಸ್ತಾನೆ.

ಚೆಕಾಫ್ ತೀರಿಕೊಂಡಿದ್ದು 1904ರಲ್ಲಿ, ಮೂಲಕ್ಕೆ ಹಕ್ಕಿನ ತೊಡಕಿಲ್ಲ. ಕನ್ನಡ ಅನುವಾದದ ಹಕ್ಕು ಅನುವಾದಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತೆ, ಒಪ್ಪಿಗೆ ಪತ್ರ ತಗೊಳ್ಳಿ.

ಚಾಮುಂಡಿಪುರಂ:
ಕ್ರಮದ ವಿಷಯ ನಾನು ಒಪ್ಪಲ್ಲ ಸರ್. ಪ್ರಸ್ತಾಪದ ಗಲಾಟೆ ಕೇಳಿದ ಕಿವಿಗೆ ಪೊಪೊವಾಳ ಮೌನದ ಆರಂಭ ಎಳೆದಂತೆ ಅನ್ನಿಸುತ್ತೆ. ಕರಡಿ ಮೊದಲಿರಲಿ, ಕುರ್ಚಿ ತೆಗೆಯೋಕೆ ಹತ್ತು ನಿಮಿಷದ ಮಧ್ಯಂತರ ಧಾರಾಳ.