3ನೇ ಕ್ರಾಸಿನ ಗಳ ಬಿಚ್ಚೋದು ಯಾವಾಗ?

ಶಿವಮೊಗ್ಗ, ಗೋಪಾಳದ ಕಡೆಯ ಒಂದು ಬಡಾವಣೆಯ ನಿವಾಸಿಗಳ ಗುಂಪು
12 ಮೇ 2021, ಬುಧವಾರ

ಅಡ್ಮಿನ್, 2ನೇ ಕ್ರಾಸ್ (ಬೆಳಿಗ್ಗೆ 10.20):
ಎಲ್ಲರಿಗೂ ನಮಸ್ಕಾರ. ಇವತ್ತು ಸರ್ಕಲ್ ಹತ್ರ ತರಕಾರಿ ಗಾಡಿ ಮುಂದೆ ನಿಂತಿದ್ದೋರನ್ನ ಎಣಿಸಿದೆ, 41 ಜನ. ಕೊರೋನಾ ಲಾಕ್‌ಡೌನ್, ಹತ್ತಕ್ಕೆ ಎಲ್ಲಾ ಬಂದ್ ಅಂತ ಒಂಬತ್ತೂವರೆಗೆ ಒಟ್ಟಿಗೇ ಇಳೀತೀವಿ. ಸೋಮವಾರದಿಂದ ಇಪ್ಪತ್ಮೂರು ಗಂಟೆ ಮನೇಲಿ ಕೂತು, ಉಳಿದ ಒಂದು ಗಂಟೆ ಇಲ್ಲಿ ಜಾತ್ರೆ ಮಾಡಿದ್ರೆ ಎಂತ ಪ್ರಯೋಜನ? ಏನು ಮಾಡೋಣ ಹೇಳಿ. (ಮೂಗಿಗೆ ನಿಂಬೆರಸ ಬಿಡೋ ವಿಡಿಯೊ ಇನ್ನೊಂದ್ಸಲ ಹಾಕಿದ್ರೆ ಗುಂಪಿಂದ ತೆಗೀತೀನಿ. ಮೂರನೇ ಸಲ ಹೇಳ್ತಿರೋದು.)

4ನೇ ಕ್ರಾಸ್ ಮೂಲೆಮನೆ:
ಗಾಡಿಯವ್ನು ಮೊದ್ಲು ಬಾಗ್ಲಿಗೇ ಬರ್ತಿದ್ನಲ್ಲ. ಈಗ ಎಂತಕ್ಕೆ ಸರ್ಕಲ್‌ನಲ್ಲೇ ನಿಲ್ತಾನೆ?

ಹಸಿರು ಗೇಟ್, 3ನೇ ಕ್ರಾಸ್:
ನಾನು ಕೇಳ್ದೆ ಅಕ್ಕ. "ನಿಮ್ಮ ಕ್ರಾಸಿಗೆ ಅಡ್ಡ ಗಳ ಕಟ್ಟಿದಾರೆ, ಹಿಂದಿನ ರಸ್ತೆ ಮೋರಿ ಕೆಲಸಕ್ಕೆ ಅಗ್ದಿದಾರೆ, ನಾನೇನು ಹಾರ್ಕೊಂಡು ಬರ್ಲಾ" ಅಂದ. ಕಸದ ಆಟೋನೂ ಮೂರು ದಿನದಿಂದ ಒಳಗೆ ಬಂದಿಲ್ಲ. ಅಂದ್ರೆ 3, 4, 5ನೇ ಕ್ರಾಸಿನ ಎಲ್ಲರೂ ಹಾಲಿಗೂ ಸೊಪ್ಪಿಗೂ ಸರ್ಕಲಿಗೇ ನಡೀಬೇಕು. ನಿಮ್ಮ 41 ಜನ ಎಲ್ಲಿಂದ ಬಂದ್ರು ಗೊತ್ತಾಯ್ತಲ್ಲ.

5ನೇ ಕ್ರಾಸ್:
ಗಳ ಕಟ್ಟಿದ್ದು ಒಳ್ಳೇದಕ್ಕೇ ಮಾರಾಯ್ರೆ. ಆ ಕ್ರಾಸಲ್ಲಿ ಪಾಸಿಟಿವ್ ಮನೆ ಇದೆ.

ಮೇಷ್ಟ್ರು:
ನಾನು ಸೊರಬದ ಕಡೆಯವನು. 1957ರಲ್ಲಿ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು ನಮ್ಮ ತಾಲೂಕಿನ ಕ್ಯಾಸನೂರು ಕಾಡಲ್ಲಿ. ಕಾಡಿಗೆ ಹೋಗಬೇಡ ಅಂತ ನಮ್ಮಪ್ಪ ಬೈಯೋರು. ಆದ್ರೆ ಜ್ವರ ಬಂದ ಮನೆಗೆ ಗಂಜಿ ಕೊಟ್ಟು ಬಾ ಅಂತ ಕಳಿಸ್ತಿದ್ದೋರೂ ಅವರೇ.

5ನೇ ಕ್ರಾಸ್:
ಮೇಷ್ಟ್ರೇ, ಅದು ಉಣುಗು ಕಚ್ಚಿ ಬರೋದು. ಮನುಷ್ಯರಿಂದ ಮನುಷ್ಯರಿಗೆ ಹಬ್ಬಲ್ಲ. ಇದು ಹಂಗಲ್ಲ.

ಮೇಷ್ಟ್ರು:
ಅದು ಹೌದು. ಒಪ್ಪಿದೆ.

ಸಿಸ್ಟರ್, 1ನೇ ಕ್ರಾಸ್ (ಮಧ್ಯಾಹ್ನ 3.05):
ಈಗ ಮೆಗ್ಗಾನ್ ಆಸ್ಪತ್ರೆಯಿಂದ ಡ್ಯೂಟಿ ಮುಗಿಸಿ ಬಂದೆ. ಕಿಟಕಿ ಹಾಕಿದ ಕೋಣೆ, ಮೈಗೆ ಮೈ ತಾಗೋ ಗುಂಪು, ಮೂಗಿಂದ ಜಾರಿದ ಮಾಸ್ಕು, ಹೆದರಬೇಕಾದ್ದು ಇವಕ್ಕೆ. ಬಾಗಿಲು ಹಾಕ್ಕೊಂಡು ಒಳಗಿರೋ ಮನೆ ಮುಂದೆ ಗಾಡಿ ದಾಟಿ ಹೋದ್ರೆ ಯಾರಿಗೂ ಏನೂ ಆಗಲ್ಲ. ಗಳ ಕಟ್ಟಿ ನೀವು ಕಾಯಿಲೆ ತಡೀಲಿಲ್ಲ, ಸರ್ಕಲಿಗೆ ಕರ್ಕೊಂಡು ಹೋದ್ರಿ.

ತೆಂಗಿನಮರದ ಮನೆ, 3ನೇ ಕ್ರಾಸ್:
ಕಟ್ಟಿದ್ದು ನಾನೇ. ಯಾರನ್ನೂ ಅವಮಾನ ಮಾಡೋಕಲ್ಲ. ಅಪ್ಪಂಗೆ 78. ಕೋವಿಶೀಲ್ಡ್ ಲಸಿಕೆ ಒಂದು ಡೋಸ್ ಆಗಿದೆ, ಎರಡನೇದಕ್ಕೆ ಎರಡು ಸಲ ಕ್ಯೂ ನಿಂತು ವಾಪಸ್ ಬಂದ್ವಿ. ರಾತ್ರಿ ನಿದ್ದೆ ಇಲ್ಲ ಸಿಸ್ಟರ್.

(ಇದಾದ ಮೇಲೆ ಒಂದು ಗಂಟೆ ಯಾರೂ ಏನೂ ಹಾಕಲಿಲ್ಲ.)

3ನೇ ಕ್ರಾಸ್, ನೀಲಿ ಮನೆ:
ನಾವೇ ಆ ಮನೆಯವರು. ಗುಂಪಲ್ಲಿದೀವಿ, ಎಲ್ಲ ಓದ್ತಿದೀವಿ. ಇವತ್ತಿಗೆ ಆರನೇ ದಿನ. ನಂಗೆ, ಇವ್ರಿಗೆ ಜ್ವರ ಬಿಟ್ಟಿದೆ. ಅತ್ತೆಗೆ ಸಂಜೆ ಸ್ವಲ್ಪ ಬರ್ತದೆ, ಆಕ್ಸಿಮೀಟರ್‌ನಲ್ಲಿ ಆಕ್ಸಿಜನ್ 96 ತೋರಿಸ್ತಿದೆ. ಗೇಟಿಗೆ ಚೀಲ ಕಟ್ಟಿದೀನಿ, ಹಾಲಿನ ಹುಡುಗ ಗಳ ನೋಡಿ ಹಂಗೇ ಹೋಗ್ತಾನೆ. ಮೂರು ದಿನದಿಂದ ಕರಿ ಕಾಫಿ. ಅದು ಹೋಗ್ಲಿ, ಅತ್ತೆ ಶುಗರ್ ಮಾತ್ರೆ ನಾಳೆಗೆ ಮುಗೀತದೆ.

ಸಿಸ್ಟರ್:
ಮೊದ್ಲೇ ಹೇಳಬಾರದಿತ್ತಾ! ಚೀಟಿ ಫೋಟೊ ನಂಗೆ ಕಳಿಸಿ, ಸಂಜೆ ಗೇಟಲ್ಲಿಡ್ತೀನಿ. ಅತ್ತೆಯ ಆಕ್ಸಿಜನ್ ದಿನಕ್ಕೆ ಮೂರು ಸಲ ನೋಡಿ, ಬರೆದಿಡಿ. 94ಕ್ಕಿಂತ ಕಮ್ಮಿ ಬಂದ್ರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ, ನಂಗೂ ಮಾಡಿ. ಲಕ್ಷಣ ಶುರುವಾಗಿ ಹತ್ತು ದಿನ, ಅದ್ರಲ್ಲಿ ಕೊನೇ ಮೂರು ದಿನ ಜ್ವರ ಇರಬಾರದು. ಅಲ್ಲೀತನಕ ಹೊರಗೆ ಬರಬೇಡಿ. ಮಾಸ್ಕ್ ಕತ್ತರಿಸಿ ಕಾಗದದ ಚೀಲದಲ್ಲಿ ಮೂರು ದಿನ ಬೇರೆ ಇಟ್ಟು ಆಮೇಲೆ ಕಸಕ್ಕೆ ಕೊಡಿ.

ಅಡ್ಮಿನ್:
ಹಂಗಾದ್ರೆ ಹಿಂಗೆ ಮಾಡೋಣ. ಗಳ ಇವತ್ತೇ ಬಿಚ್ಚೋದು. ಗಾಡಿಯವ್ನ ಹತ್ರ ಮಾತಾಡ್ತೀನಿ, ಆರೂವರೆಗೆ 5ನೇ ಕ್ರಾಸಿಂದ ಶುರು ಮಾಡಿ ಒಂದೊಂದು ಕ್ರಾಸಲ್ಲಿ ಅರ್ಧ ಗಂಟೆ. ನಿಮ್ಮ ಕ್ರಾಸಿಗೆ ಬಂದಾಗ ಮನೆಗೊಬ್ರು, ಮಾಸ್ಕ್ ಹಾಕ್ಕೊಂಡು, ಕೈಚೀಲ ತಗೊಂಡು. ಚೌಕಾಸಿ ಕಮ್ಮಿ ಮಾಡಿ ಅಕ್ಕಂದಿರೇ, ಒಂದು ಕಟ್ಟು ಹರಿವೆಗೆ ಹತ್ತು ನಿಮಿಷ ಆಗ್ತದೆ.

4ನೇ ಕ್ರಾಸ್ ಮೂಲೆಮನೆ:
ನನ್ನೇ ಹೇಳ್ತಿರೋದು ಗೊತ್ತಾಯ್ತು ಬಿಡಿ.

ತೆಂಗಿನಮರದ ಮನೆ:
ಬಿಚ್ಚಿದೀನಿ. ಆದ್ರೆ ಗಾಡಿ ನಮ್ಮ ಗೇಟ್ ಹತ್ರ ನಿಲ್ಲೋದು ಬೇಡ, ಸ್ವಲ್ಪ ಮುಂದೆ ಹೋಗಿ ನಿಲ್ಲಲಿ. ಅಷ್ಟು ಮಾಡಿ.

14 ಮೇ, ಶುಕ್ರವಾರ

ತೆಂಗಿನಮರದ ಮನೆ:
ಎರಡನೇ ಡೋಸ್ ಇನ್ಮೇಲೆ ಮೊದಲನೇದಾಗಿ 12ರಿಂದ 16 ವಾರಕ್ಕಂತೆ, ನಿನ್ನೆ ಟಿವಿಲಿ ಬಂತು. ಅಪ್ಪ ನಗ್ತಿದಾರೆ, ನಾನು ಕ್ಯಾಲೆಂಡರ್ ಎಣಿಸ್ತಿದೀನಿ.

ಅಡ್ಮಿನ್:
ಇವತ್ತು ಒಂದು ಕ್ರಾಸಲ್ಲಿ ಒಂಬತ್ತು ಜನಕ್ಕಿಂತ ಜಾಸ್ತಿ ನಿಂತಿರಲಿಲ್ಲ. ಬಸವ ಜಯಂತಿ ಶುಭಾಶಯ. ಹಲಸಿನ ಹಪ್ಪಳ ಒಣಗಿಸೋಕೆ ಒಂದೇ ಟೆರೇಸಿಗೆ ನಾಲ್ಕು ಮನೆಯೋರು ಸೇರ್ತಿದೀರ, ಅದೂ ಕಾಣಿಸ್ತಿದೆ.

ನೀಲಿ ಮನೆ:
ಹಾಲು ಬಂತು, ಮಾತ್ರೆ ಬಂತು. ಅತ್ತೆಗೆ ನಿನ್ನೆ ಜ್ವರ ಇಲ್ಲ. ಗೇಟಲ್ಲಿ ಅಪ್ಪೆಮಿಡಿ ಭರಣಿ ಇಟ್ಟಿದ್ದು ಯಾರು? ಇನ್ನೂ ನಾಲಗೆಗೆ ರುಚಿ ಗೊತ್ತಾಗ್ತಿಲ್ಲ, ಬಂದ್ಮೇಲೆ ತೆಗೀತೀವಿ. ಭರಣಿ ಯಾರಿಗೆ ವಾಪಸ್ ಕೊಡ್ಲಿ?

ಹಸಿರು ಗೇಟ್:
ಕಸದ ಆಟೋ 3ನೇ ಕ್ರಾಸಿಗೆ ಬಂತು, ಬೇಗ ಬೇಗ!